ತಣ್ಣಗಿದ್ದಾಗ ಮಾತ್ರ ಸೋರುವ ಪೈಪು

ಈ ಕಸುಬಿಗೆ ಬರುವ ಹುಡುಗ ಹುಡುಗಿಯರು ನನ್ನನ್ನು ಮೊದಲು ಕೇಳುವುದು ಗಾಡಿಯ ದೋಷ ಹಿಡಿಯುವ ಯಾವ ಸ್ಕ್ಯಾನರ್ ಕೊಳ್ಳಬೇಕು ಎಂದು. ಕೊಳ್ಳಿ, ಒಳ್ಳೆಯದನ್ನೇ ಕೊಳ್ಳಿ. ಆದರೆ ಅದಕ್ಕೂ ಮೊದಲು ಚಾಲೂ ಇರುವ ಗಾಡಿಯ ಬಾನೆಟ್ ಎತ್ತಿ ಎರಡು ನಿಮಿಷ ಸುಮ್ಮನೆ ನಿಂತು ನೋಡಿ. ಒಳಗೆ ನಿಮಿಷಕ್ಕೆ ಸಾವಿರಾರು ಸಲ ಬೆಂಕಿ ಹೊತ್ತಿ ಆರುತ್ತಿರುತ್ತದೆ. ಬಿಟ್ಟರೆ ಆ ಬೆಂಕಿ ತಾನಿರುವ ಎಂಜಿನ್ನನ್ನೇ ಹಾಳುಮಾಡೀತು. ಅದರ ಸುತ್ತ ಒಂದೆರಡು ಕೊಡದಷ್ಟು ನೀರು ಓಡಾಡುತ್ತ, ಆ ಕಾವನ್ನೆಲ್ಲ ಹೊತ್ತು ತಂದು, ಮುಂದಿರುವ ರೇಡಿಯೇಟರಿನಲ್ಲಿ ಗಾಳಿಗೆ ಕೊಟ್ಟು, ಮತ್ತೆ ಒಳಗೆ ಓಡುತ್ತದೆ. ಮೂವತ್ತು ವರ್ಷಕ್ಕೂ ಮೇಲೆ ನಾನು ಈ ಒಂದು ಕೆಲಸವನ್ನೇ ನೋಡಿದ್ದೇನೆ. ಇವತ್ತಿಗೂ ನನಗೆ ಅದರ ಬೆರಗು ಹೋಗಿಲ್ಲ.

ನಾನು ರುದ್ರೇಶ, ತುಮಕೂರಿನ ಲಾರಿ ಗ್ಯಾರೇಜಿನಲ್ಲಿ ಬೈಸಿಕೊಂಡು ಕೆಲಸ ಕಲಿತವನು. ಹೆಂಡತಿ ನರ್ಸ್. ಅವಳಿಗೆ ನ್ಯೂಜೆರ್ಸಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಾಗ ಅವಳ ವೀಸಾದ ಸೆರಗು ಹಿಡಿದು ನಾನೂ ಬಂದೆ. ಬ್ರಿಡ್ಜ್‌ವಾಟರಿನ ದೇವಸ್ಥಾನದಲ್ಲಿ ಊಟದ ಸಾಲಿನಲ್ಲಿ ನಿಂತಾಗ ಎಲ್ಲರೂ "ನೀವು ಯಾವ ಕಂಪನಿ?" ಎಂದು ಕೇಳುತ್ತಿದ್ದರು. "ರೇಡಿಯೇಟರ್" ಎಂದರೆ ಒಬ್ಬರು ತಲೆಯಾಡಿಸಿ, "ಓ, ಸ್ಟಾರ್ಟಪ್ಪಾ?" ಎಂದಿದ್ದರು. ನಾನು ಹೌದೆಂದೆ. ಸಾಲು ಮುಂದೆ ಹೋಯಿತು.

ಅಂಗಡಿಯಿದ್ದದ್ದು ಪಿಸ್ಕಾಟವೇ ಊರಿನಾಚೆ, ಹೈವೇಯಿಂದ ಒಂದು ತಿರುವು ಒಳಗೆ. ಯಜಮಾನ ಸ್ಟ್ಯಾನ್, ಆಗಲೇ ಅರವತ್ತು ದಾಟಿದ್ದ ಮಿತಭಾಷಿ. ರುದ್ರೇಶ ಎನ್ನಲು ಅವನ ನಾಲಿಗೆ ತಿರುಗಲಿಲ್ಲ. ಮೊದಲ ದಿನವೇ ರೂಡಿ ಎಂದ, ಕೊನೆಯವರೆಗೂ ರೂಡಿಯಾಗಿಯೇ ಉಳಿದೆ. ಕಾವೇರುವ ಗಾಡಿ ಬಂದರೆ ಸ್ಟ್ಯಾನ್ ಅದನ್ನು ಸ್ವಲ್ಪ ಹೊತ್ತು ಓಡಿಸಿ, ಎಂಜಿನ್ ನಿಲ್ಲಿಸಿ, ರೇಡಿಯೇಟರಿನ ಮುಖದ ಮೇಲೆ ಅಂಗೈಯನ್ನು ಮೆಲ್ಲಗೆ ಆಡಿಸುತ್ತಿದ್ದ. ಒಂದು ಕಡೆ ಕೈ ನಿಲ್ಲುತ್ತಿತ್ತು. "ಡೆಡ್," ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ. ಬಿಚ್ಚಿ ನೋಡಿದರೆ ಸರಿಯಾಗಿ ಅಷ್ಟೇ ಜಾಗದಲ್ಲಿ ಒಳಗಿನ ಕೊಳವೆಗಳು ಕೆಸರು ಕಟ್ಟಿ ಮುಚ್ಚಿಹೋಗಿರುತ್ತಿದ್ದವು. ನೀರು ಹರಿಯದ ಕಡೆ ಲೋಹ ತಣ್ಣಗಿರುತ್ತದೆ ಎಂಬುದು ಯಾರಿಗಾದರೂ ಗೊತ್ತಾಗುವ ಮಾತು. ಆದರೆ ಎರಡು ಬೆರಳಗಲದ ತಣ್ಣನೆಯ ಪಟ್ಟಿಯನ್ನು ಆ ಒರಟು ಅಂಗೈ ಹೇಗೆ ಹಿಡಿಯುತ್ತಿತ್ತೋ! ಮೊದಲ ಸಲ ನೋಡಿದಾಗ ನನ್ನ ಮೈ ಜುಮ್ಮೆಂದಿತು. ನಾನು ಆ ವಿದ್ಯೆಯನ್ನು ಅರ್ಧದಷ್ಟೂ ಕಲಿಯಲಿಲ್ಲ.

ಸ್ಟ್ಯಾನನ ಇನ್ನೊಂದು ಪದ್ಧತಿಯನ್ನು ಮಾತ್ರ ಪೂರ್ತಿ ಕಲಿತೆ. ಕಂಪನಿ ಕೊಟ್ಟ ಭಾಗ ತೆಗೆದು ಬೇರೆಯದನ್ನು ಕೂರಿಸಿದರೆ, ಏನು ಮಾಡಿದೆ ಎಂದು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದು ಮುಂದಿನ ಸೀಟಿನೆದುರಿನ ಖಾನೆಯಲ್ಲಿ, ಗ್ಲವ್ ಬಾಕ್ಸಿನಲ್ಲಿ ಇಡಬೇಕು. ನಾಳೆ ಆ ಬಾನೆಟ್ ಎತ್ತುವವನು ಯಾರೋ, ಅವನಿಗೆ ಗೊತ್ತಾಗಬೇಕು.

ಇನ್ನು ನನ್ನ ಪರಾಕ್ರಮ ಕೇಳಿ. ಮೊದಲ ಚಳಿಗಾಲದಲ್ಲಿ ಬ್ರೆಡ್ ಹಂಚುವ ವ್ಯಾನೊಂದಕ್ಕೆ ಪೈಪು ಬದಲಿಸಿ, ತುಮಕೂರಿನಲ್ಲಿ ಮಾಡುತ್ತಿದ್ದ ಹಾಗೆ ನಲ್ಲಿಯ ನೀರು ತುಂಬಿ ಕೈ ಒರೆಸಿಕೊಂಡೆ. ಸ್ಟ್ಯಾನ್ ನೋಡಿದ. ಬೈಯಲಿಲ್ಲ. ನೀರನ್ನೆಲ್ಲ ಹೊರಗೆ ಬಿಟ್ಟು ಹಸಿರು ಕೂಲೆಂಟ್ ಬೆರೆಸಿ ತುಂಬಿದ. ಆಮೇಲೆ ಒಂದು ಗಾಜಿನ ಸೋಡಾ ಬಾಟಲಿಗೆ ಕಂಠಮಟ್ಟ ನೀರು ತುಂಬಿ, ಬಿರಡೆ ಬಿಗಿದು, ಅಂಗಡಿಯ ಹಿಂದೆ ಇಟ್ಟ. ಮಾರನೆಯ ಬೆಳಿಗ್ಗೆ ನನ್ನನ್ನು ಕರೆದು ತೋರಿಸಿದ. ಬಾಟಲಿ ಒಡೆದು ಚೂರಾಗಿತ್ತು, ಒಳಗಿನ ನೀರು ಬಾಟಲಿಯ ಆಕಾರದಲ್ಲೇ ಕಲ್ಲಾಗಿ ನಿಂತಿತ್ತು. "ರೂಡಿ, ದಟ್ ಇಸ್ ದ ಎಂಜಿನ್," ಎಂದ. ನೀರು ಕುದಿಯುವುದನ್ನಷ್ಟೇ ಕಂಡು ಬೆಳೆದ ನನಗೆ, ಅದು ಹೆಪ್ಪುಗಟ್ಟಿ ಉಬ್ಬಿ ಕಬ್ಬಿಣವನ್ನೂ ಸೀಳಬಲ್ಲದು, ಆ ಹಸಿರು ಕೂಲೆಂಟ್ ಅದನ್ನು ತಡೆಯುತ್ತದೆ ಎಂದು ತಿಳಿದದ್ದು ಅವತ್ತು. ಎಷ್ಟೋ ಹೊತ್ತು ಆ ಬಾಟಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆ.

ಕಾಲ ಬದಲಾಯಿತು. ತಾಮ್ರ ಹಿತ್ತಾಳೆಯ ರೇಡಿಯೇಟರುಗಳು ಹೋಗಿ ಅಲ್ಯೂಮಿನಿಯಂ ಬಂತು, ಅದರ ಎರಡು ಬದಿಗೆ ಪ್ಲಾಸ್ಟಿಕ್ ತೊಟ್ಟಿ ಬಂತು. ಬೆಸುಗೆ ಹಾಕಿ ಬದುಕಿಸುವ ಕೆಲಸ ಮುಗಿದು, ಕಿತ್ತು ಬೇರೆ ಕೂರಿಸುವ ಕೆಲಸ ಶುರುವಾಯಿತು. ಅಂಗೈ ಆಡಿಸುವ ಕಡೆ ಪಿಸ್ತೂಲಿನ ಹಾಗೆ ಹಿಡಿದು ಶಾಖ ಅಳೆಯುವ ಯಂತ್ರ ಬಂತು. ಡ್ಯಾಶ್‌ಬೋರ್ಡಿನ ಶಾಖದ ಮುಳ್ಳು ಕೂಡ ಬದಲಾಯಿತು. ಹಿಂದೆ ಅದು ಎಂಜಿನ್ನಿನ ಜೊತೆಗೇ ಏರಿಳಿಯುತ್ತಿತ್ತು. ಈಗ ಎಷ್ಟೋ ಗಾಡಿಗಳಲ್ಲಿ ಗಾಬರಿಯಾಗದಿರಲಿ ಎಂದು ನಡುವಿನಲ್ಲೇ ನಿಂತಿರುತ್ತದೆ, ಪರಿಸ್ಥಿತಿ ಕೈಮೀರುವಾಗ ಒಮ್ಮೆಲೇ ಏರುತ್ತದೆ. ಈ ಮುಳ್ಳಿನ ಮಾತನ್ನು ನೆನಪಿಟ್ಟುಕೊಳ್ಳಿ.

ಸ್ಟ್ಯಾನ್ ತೀರಿಹೋದ ಮೇಲೆ ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತಿದ್ದೆ. ನಿವೃತ್ತಿಗೆ ಒಂದು ವರ್ಷವಿರುವಾಗ ಡಾಕ್ಟರ್ ನಂದಿನಿ ಬಂದಳು. ಇಲ್ಲೇ ಹುಟ್ಟಿದ ಹುಡುಗಿ, ಹಲ್ಲಿನ ವೈದ್ಯೆ. ಒಂದು ಟ್ರೇಲರಿನೊಳಗೆ ಕುರ್ಚಿ, ಎಕ್ಸ್‌ರೇ, ನೀರಿನ ಟ್ಯಾಂಕು ಎಲ್ಲ ಕೂರಿಸಿ, ಅದನ್ನು ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ಉತ್ತರದ ಗುಡ್ಡಗಳ ಕಡೆ ಹೋಗುತ್ತಿದ್ದಳು. ಅಲ್ಲಿನ ವೃದ್ಧರಿಗೆ ಹತ್ತಿರದಲ್ಲೆಲ್ಲೂ ಹಲ್ಲಿನ ಡಾಕ್ಟರಿಲ್ಲ.

"ಅಂಕಲ್, ಪ್ರತಿ ಏರಿನಲ್ಲೂ ಓವರ್‌ಹೀಟ್ ಆಗತ್ತೆ. ಆಗಸ್ಟ್‌ನಲ್ಲಿ ಫುಲ್ ಹೀಟರ್ ಹಾಕ್ಕೊಂಡು ಹೋಗಿದೀನಿ, ಟು ಕೂಲ್ ದ ಎಂಜಿನ್. ಕ್ಯಾನ್ ಯು ಬಿಲೀವ್ ಇಟ್?" ಎಂದಳು.

ನಂಬಿದೆ. ಹೀಟರ್ ಹಾಕಿದರೆ ಎಂಜಿನ್ನಿನ ಕಾವು ಒಂದಷ್ಟು ಗಾಡಿಯೊಳಕ್ಕೆ ಬರುತ್ತದೆ. ಟ್ರಕ್ಕು ಗಟ್ಟಿಯಾಗಿತ್ತು, ಆದರೆ ಭಾರ ಎಳೆಯುವವರಿಗೆಂದು ಮಾಡಿದ್ದಲ್ಲ. ಅದರ ರೇಡಿಯೇಟರು ತೆಳು. ಅದೇ ಗಾಡಿಗೆ ಹೊಂದುವ, ದುಪ್ಪಟ್ಟು ದಪ್ಪದ ದೊಡ್ಡದನ್ನು ಕೂರಿಸುವುದು ಎಂದು ನಿಶ್ಚಯವಾಯಿತು.

ಅವಳ ಜೊತೆ ಅವಳ ಅಜ್ಜ ಬಂದಿದ್ದರು. ಚನ್ನಪ್ಪಜ್ಜ. ಮಂಕಿ ಟೋಪಿ, ಉಲ್ಲನ್ ಸ್ವೆಟರು, ಮೊಮ್ಮಗಳು ಕೊಡಿಸಿದ ಬಿಳಿ ಬೂಟು. ಹುಬ್ಬಳ್ಳಿಯಿಂದ ಅರಬೈಲು ಘಟ್ಟ ಇಳಿದು ಕರಾವಳಿಗೆ ಹೋಗುವ ಸರ್ಕಾರಿ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದವರು. ಘಟ್ಟದಲ್ಲಿ ಒಂದು ದಿನವೂ ಬಸ್ಸು ಕೆಟ್ಟು ನಿಂತಿರಲಿಲ್ಲ ಎಂಬುದು ಅವರು ಎಲ್ಲರಿಗೂ ಮೊದಲು ಹೇಳುವ ಸಂಗತಿ. ನಂದಿನಿ ಕ್ಯಾಂಪಿಗೆ ಹೊರಟರೆ ಮುಂದಿನ ಸೀಟು ಅವರದು. ಟ್ರೇಲರಿನ ಗಾಲಿಗೆ ಅಡ್ಡ ಇಡುವುದು, ಅವಳು ರಿವರ್ಸ್ ತೆಗೆಯುವಾಗ ಹಿಂದೆ ನಿಂತು "ಬರ್ಲಿ, ಬರ್ಲಿ, ಹೋಲ್ಡಾನ್!" ಎಂದು ಕೂಗುವುದು ಅವರ ಕೆಲಸ. ಅಮೆರಿಕಕ್ಕೆ ಬಂದು ಟೀವಿ ಮುಂದೆ ಕೂತು ಸೊರಗುತ್ತಿದ್ದ ಅಜ್ಜ ಈ ಕೆಲಸ ಸಿಕ್ಕ ಮೇಲೆ ಚಿಗುರಿದರು ಎಂದು ನಂದಿನಿಯೇ ನನಗೆ ಹೇಳಿದಳು.

ಅಕ್ಟೋಬರಿನಲ್ಲಿ ಕೆಲಸ ಹಿಡಿದೆ. ದೊಡ್ಡ ರೇಡಿಯೇಟರ್ ಕೂರಿಸುವುದೆಂದರೆ ಹಳೆಯದನ್ನು ತೆಗೆದು ಹೊಸದನ್ನು ತಳ್ಳುವುದಲ್ಲ. ಹಿಡಿಕೆಗಳನ್ನು ಸರಿಸಬೇಕು, ಫ್ಯಾನಿಗೂ ಅದಕ್ಕೂ ನಡುವೆ ಬೆರಳಾಡುವಷ್ಟು ಜಾಗ ಉಳಿಸಬೇಕು. ಕೆಳಗಿನ ಪೈಪಿನ ಬಾಯಿ ದೊಡ್ಡದಾದ್ದರಿಂದ ಹೊಸ ರಬ್ಬರ್ ಪೈಪು, ಅದರ ಕೊರಳಿಗೆ ತಿರುಪಿನ ಕ್ಲ್ಯಾಂಪು. ಅಜ್ಜ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು ಘಟ್ಟದ ಕತೆ ಹೇಳುತ್ತಿದ್ದರು. ಅರ್ಧ ಏರಿದ ಮೇಲೆ ಒಂದು ಝರಿ, ಅಲ್ಲಿ ಎಲ್ಲ ಡ್ರೈವರುಗಳೂ ನಿಲ್ಲಿಸಿ ಡಬ್ಬಿ ತುಂಬಿಕೊಂಡು ರೇಡಿಯೇಟರಿಗೆ ನೀರು ಕುಡಿಸುತ್ತಿದ್ದರಂತೆ. "ಮೊದಲ ಗಾಡಿಗೆ ಕುಡಸಬೇಕ್ರಿ, ಆಮ್ಯಾಲ ನಾವು ಕುಡೀಬೇಕು," ಎಂದರು. ನಾನು ಬಾಯಿ ಬಿಟ್ಟು ಕೇಳುತ್ತಿದ್ದೆ. ಕೆಳಗಿನ ಕ್ಲ್ಯಾಂಪನ್ನು ಮುಕ್ಕಾಲು ಬಿಗಿದು, ಎಂಜಿನ್ ಒಮ್ಮೆ ಕಾದ ಮೇಲೆ ಕೊನೆಯ ಸುತ್ತು ಕೊಡೋಣ ಎಂದುಕೊಂಡೆ.

ಕೂಲೆಂಟ್ ತುಂಬಿ, ಒಳಗಿನ ಗಾಳಿ ಹೊರಡಿಸಿ, ಟ್ರೇಲರ್ ಕಟ್ಟಿಕೊಂಡು ಮೂವರೂ ವಾಚಂಗ್ ಗುಡ್ಡ ಹತ್ತಿದೆವು. ಸ್ಕ್ಯಾನರಿನ ಅಂಕಿ ಏರಲೇ ಇಲ್ಲ. ಅಷ್ಟು ಭಾರ ಹೊತ್ತು ಗುಡ್ಡ ಹತ್ತುತ್ತಿರುವ ಎಂಜಿನ್ನು, ಅಷ್ಟು ಶಾಂತವಾಗಿ! ನನ್ನ ಕೈಯ ಕೆಲಸಕ್ಕೆ ನಾನೇ ಬೆರಗಾದೆ. ಅಜ್ಜ ಡ್ಯಾಶ್‌ಬೋರ್ಡ್ ತಟ್ಟಿ, "ಶಾಬಾಸ್ ಮಗನ!" ಎಂದು ಟ್ರಕ್ಕಿಗೆ ಹೇಳಿದರು. ನನ್ನ ಕಡೆ ತಿರುಗಿ, "ಮಿಸ್ತ್ರಿ, ನಿಮ್ಮ ಕೈ ಛಲೋ ಐತ್ರಿ," ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾಡಿದ ಕೆಲಸವನ್ನು ಅಜ್ಜನಿಗಾಗಿ ಕನ್ನಡದಲ್ಲೇ ಬರೆದು ಗ್ಲವ್ ಬಾಕ್ಸಿನಲ್ಲಿಟ್ಟೆ. ಅವರು ಅದನ್ನು ತೆಗೆದು ಓದಿ, ಮತ್ತೆ ಓದಿ, ಮಡಿಲಲ್ಲಿಟ್ಟುಕೊಂಡು ಮನೆಗೆ ಹೋದರು. ನಂದಿನಿಗೆ ಕನ್ನಡ ಮಾತು ಬರುತ್ತದೆ, ಓದಲು ಬಾರದು.

ಕ್ಲ್ಯಾಂಪಿನ ಕೊನೆಯ ಸುತ್ತು ನನಗೆ ನೆನಪಾಗಲೇ ಇಲ್ಲ.

ಜನವರಿಯಲ್ಲಿ, ಮೂಗು ಉದುರುವಂಥ ಚಳಿಯ ಒಂದು ಬೆಳಿಗ್ಗೆ, ಟೋ ಮಾಡುವ ಗಾಡಿಯ ಮೇಲೆ ನಂದಿನಿಯ ಟ್ರಕ್ಕು ಅಂಗಡಿಗೆ ಬಂತು. ಹಿಂದೆಯೇ ಅವಳೂ ಅಜ್ಜನೂ ಇಳಿದರು. ಟ್ರೇಲರನ್ನು ಬೇರೆ ಗಾಡಿ ಮನೆಗೆ ಎಳೆದೊಯ್ದಿತ್ತು. ಗುಡ್ಡದ ಊರಿನಲ್ಲಿ ಹಲ್ಲುನೋವಿನವರು ಕಾದು ಕೂತಿದ್ದರು, ಇವರು ದಾರಿಯಲ್ಲೇ ನಿಂತಿದ್ದರು. ನಾನು ಬಾನೆಟ್ ಎತ್ತಿ ರೇಡಿಯೇಟರಿನ ಮೇಲೆ ಅಂಗೈ ಇಟ್ಟೆ. ಮೇಲ್ಭಾಗ ಬೆಚ್ಚಗೆ, ಕೆಳಗೆ ಅರ್ಧಕ್ಕರ್ಧ ಮಂಜುಗಡ್ಡೆ. ಎಂಜಿನ್ನಿನ ಕಡೆ ಆಗಲೂ ಉಗಿ ಏಳುತ್ತಿತ್ತು. ಒಂದೇ ನೀರು, ಒಂದು ಗೇಣು ದೂರದಲ್ಲಿ ಈ ಕಡೆ ಹೆಪ್ಪುಗಟ್ಟಿದೆ, ಆ ಕಡೆ ಕುದಿದಿದೆ! ಹಾಗಾಗಬಹುದು ಎಂದು ಸ್ಟ್ಯಾನ್ ಹೇಳಿದ್ದ. ಅಷ್ಟು ವರ್ಷಗಳಲ್ಲಿ ಕಣ್ಣಾರೆ ಕಂಡದ್ದು ಅದೇ ಮೊದಲು. ಕೆಳಗೆ ಕೂಲೆಂಟು ಮಂಜಿನ ಮುದ್ದೆಯಾಗಿ ಕೊಳವೆಗಳನ್ನು ಮುಚ್ಚಿದೆ, ತಣ್ಣನೆಯ ನೀರು ಎಂಜಿನ್ನಿಗೆ ತಲುಪಿಲ್ಲ, ಅದಕ್ಕೇ ಅದು ಕುದಿದಿದೆ. ಒಂದು ಹನಿಯನ್ನು ಪರೀಕ್ಷೆಯ ಗಾಜಿಗೆ ಹಾಕಿ ನೋಡಿದೆ. ಮುಕ್ಕಾಲು ಪಾಲು ಬರೀ ನೀರು.

"ನಲ್ಲಿ ನೀರು ಹಾಕಿದ್ಯಾರು?" ಎಂದೆ.

ನಂದಿನಿ ಅಜ್ಜನ ಕಡೆ ತಿರುಗಿದಳು. ಅಜ್ಜ ಮುಚ್ಚಿಡಲಿಲ್ಲ. "ನಾನ. ದಿನಾ ಮುಂಜಾನೆ ಒಂದ್ ತಂಬಗಿ ಹಾಕತಿದ್ದೆ."

"ದಿನಾನಾ? ಅಜ್ಜ, ಇದು ಬಸ್ಸಲ್ಲ! ಪೇಷೆಂಟ್ಸ್ ವರ್ ವೇಟಿಂಗ್!" ಅವಳು ಟ್ರಕ್ಕಿನ ಕಡೆ ಕೈ ತೋರಿಸಿದಳು. "ನೋ ಮೋರ್. ಇನ್ಮೇಲೆ ನೀವು ಮನೇಲಿರಿ, ಪ್ಲೀಸ್."

ಅಜ್ಜ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡರು.

ಹೊರಡುವಾಗ ನಂದಿನಿ ಇನ್ನೊಂದು ಸಂಗತಿ ಹೇಳಿದಳು. ಹೈವೇಯಲ್ಲಿ ಮುಳ್ಳು ನಡುವಿನಲ್ಲೇ ಇತ್ತಂತೆ. ಅಜ್ಜ ಮೂಗರಳಿಸಿ, "ಸಿಹಿ ವಾಸನಿ ಬಂತು, ನಿಲ್ಸು," ಎಂದರಂತೆ. ಅವಳು ಮುಳ್ಳು ತೋರಿಸಿದರೆ, "ಮುಳ್ಳಿಗೇನ್ ಗೊತ್ತು, ನಿಲ್ಸವ್ವಾ!" ಎಂದು ಗದರಿದರಂತೆ. ಅವಳು ಬದಿಗೆ ನಿಲ್ಲಿಸಿ ಆಫ್ ಮಾಡುವುದಕ್ಕೂ ಉಗಿ ಏಳುವುದಕ್ಕೂ ಸರಿಹೋಯಿತು. ಇನ್ನೊಂದು ಮೈಲಿ ಹೋಗಿದ್ದರೆ ಎಂಜಿನ್ನು ಮುಗಿದೇ ಹೋಗುತ್ತಿತ್ತು. ಕೂಲೆಂಟಿನ ವಾಸನೆ ಸಿಹಿ ಎಂದು ನಮ್ಮಂಥವರಿಗೆ ಗೊತ್ತು. ಓಡುವ ಗಾಡಿಯಲ್ಲಿ, ಮುಚ್ಚಿದ ಕಿಟಕಿಯೊಳಗೆ, ಎಂಬತ್ತರ ಹತ್ತಿರದ ಮೂಗು ಅದನ್ನು ಮುಳ್ಳಿಗಿಂತ ಮೊದಲು ಹಿಡಿದಿತ್ತು. ಸ್ಟ್ಯಾನನ ಅಂಗೈಯ ನಂತರ ನಾನು ಕಂಡ ಎರಡನೆಯ ಅಂಥ ವಿದ್ಯೆ ಅದು. ಆ ಮುದುಕರನ್ನು ಮನೆಯಲ್ಲಿ ಕೂರಿಸುವ ತೀರ್ಮಾನ ನನ್ನ ಅಂಗಡಿಯಲ್ಲೇ ಆಗಿತ್ತು.

ಅವರು ಹೋದ ಮೇಲೆ ಒಂದು ಪ್ರಶ್ನೆ ಕೊರೆಯತೊಡಗಿತು. ಕೂಲೆಂಟು ಓಡುವುದು ಮುಚ್ಚಿದ ದಾರಿಯಲ್ಲಿ. ಅದು ತುಂಬಿದ್ದರೆ ದಿನಾ ಒಂದು ತಂಬಿಗೆ ನೀರು ಹಿಡಿಸುವುದಾದರೂ ಹೇಗೆ? ಎಲ್ಲಿಂದಲೋ ಅಷ್ಟು ಹೊರಗೆ ಹೋಗುತ್ತಿರಬೇಕಲ್ಲ? ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿದೆ. ಕೆಳಗಿನ ಪೈಪಿನ ಕೊರಳಿನಿಂದ ಒಣಗಿದ ಹಸಿರು ಗೆರೆಯೊಂದು ಇಳಿದಿತ್ತು. ಕ್ಲ್ಯಾಂಪಿಗೆ ಸ್ಕ್ರೂಡ್ರೈವರ್ ಹಚ್ಚಿದೆ. ಸಲೀಸಾಗಿ ಒಂದೂವರೆ ಸುತ್ತು ತಿರುಗಿತು.

ರಬ್ಬರು ಕಾದರೆ ಹಿಗ್ಗಿ ಬಿಗಿಯಾಗುತ್ತದೆ, ಚಳಿಗೆ ಕುಗ್ಗಿ ಸಡಿಲವಾಗುತ್ತದೆ. ಅಂಗಡಿಯಲ್ಲಿ ಬಿಸಿ ಇದ್ದಾಗ ಸೋರದ ಪೈಪು ಅವರ ಮನೆಯ ಮುಂದೆ ತಣ್ಣಗೆ ನಿಂತಾಗ ಸೋರಿದೆ. ಅಜ್ಜ ಕಡಿಮೆಯಾದದ್ದನ್ನು ತುಂಬಿದ್ದಾರೆ. ತುಂಬಿದ್ದರಿಂದ ಸೋರಿದ್ದು ಯಾರಿಗೂ ತಿಳಿದಿಲ್ಲ. ಬ್ರೆಡ್ ವ್ಯಾನಿಗೆ ನೀರು ತುಂಬಿದ್ದ ನಾನು, ಘಟ್ಟದ ಡ್ರೈವರಿಗೆ ಇಲ್ಲಿ ನೀರು ಹಾಕಬಾರದು ಎಂದೊಂದು ಮಾತು ಹೇಳದೆ, ಕತೆ ಕೇಳಿಕೊಂಡು ಕೂತಿದ್ದೆ. ಆ ಗಾಡಿಯ ಕೆಳಗೆ ಮಲಗಿಕೊಂಡೇ ನಾಚಿಕೆಯಿಂದ ಕಣ್ಣು ಮುಚ್ಚಿದೆ.

ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಿವೃತ್ತಿಗೆ ಕೆಲವೇ ತಿಂಗಳಿತ್ತು, "ಕೈ ಛಲೋ" ಎಂಬ ಹೆಸರು ಪಕ್ಕದೂರು ಎಡಿಸನ್‌ವರೆಗೂ ಹರಡಿತ್ತು. ಮಂಜು ಕರಗಿಸಿ, ಒತ್ತಡ ಕೊಟ್ಟು ಪರೀಕ್ಷಿಸಿದೆ. ಪುಣ್ಯಕ್ಕೆ ರೇಡಿಯೇಟರ್ ಒಡೆದಿರಲಿಲ್ಲ. ಹೊಸ ಕೂಲೆಂಟು ತುಂಬಿ, ಎಲ್ಲ ಕ್ಲ್ಯಾಂಪುಗಳನ್ನೂ ಬಿಗಿದೆ. ಮೂರನೆಯ ದಿನ ಗ್ಲವ್ ಬಾಕ್ಸಿನಲ್ಲಿದ್ದ ನೋಟ್‌ಬುಕ್ ತೆಗೆದು ಕನ್ನಡದಲ್ಲಿ ಬರೆದೆ: "ಕೆಳಗಿನ ಕ್ಲ್ಯಾಂಪು ನಾನು ಪೂರ್ತಿ ಬಿಗಿದಿರಲಿಲ್ಲ. ಅಲ್ಲಿಂದ ಸೋರಿದೆ. ತಪ್ಪು ನನ್ನದು. ರುದ್ರೇಶ." ಬರೆದು ಎದೆ ಹಗುರ ಮಾಡಿಕೊಂಡು, ನಾನೇ ಟ್ರಕ್ಕು ಓಡಿಸಿಕೊಂಡು ಪಿಸ್ಕಾಟವೇಯ ಅವರ ಮನೆಗೆ ಹೋದೆ. ನಂದಿನಿ ಅಲ್ಲಿಂದ ಟ್ರೇಲರ್ ಕಟ್ಟಿಕೊಂಡು ಕ್ಯಾಂಪಿಗೆ ಹೊರಡುವವಳು, ದಾರಿಯಲ್ಲಿ ನನ್ನನ್ನು ಅಂಗಡಿಗೆ ಬಿಡುವುದು ಎಂದು ಮಾತಾಗಿತ್ತು.

ಅಜ್ಜ ಮನೆ ಮುಂದಿನ ಡ್ರೈವ್‌ವೇಯಲ್ಲಿ ಒಬ್ಬರೇ ನಿಂತಿದ್ದರು. ನಾನು ಟ್ರಕ್ಕನ್ನು ಹಿಂದೆ ತೆಗೆದು ಟ್ರೇಲರಿಗೆ ಕಟ್ಟಿದೆ. ಟ್ರಕ್ಕಿನ ಬಾನೆಟ್ಟನ್ನು ಒಮ್ಮೆ ಸವರಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಅಜ್ಜಾರೆ, ಒಂದು ಮಾತು," ಎಂದೆ. "ಆ ಪೈಪು..."

"ಗೊತ್ತೈತಿ ಬಿಡ್ರಿ," ಎಂದರು.

"ಏನು ಗೊತ್ತು?"

"ಕ್ಲ್ಯಾಂಪ್ ಸಡ್ಲ ಇತ್ತು. ದಿನಾ ಮುಂಜಾನೆ ಹಿಮದ ಮ್ಯಾಲ ಹಸರು ಹನಿ ಬಿದ್ದಿರ್ತಿದ್ವು. ಮೂವತ್ತೊಂದ್ ವರ್ಷ ಬಸ್ ಓಡಿಸೀನಿ, ಅಷ್ಟು ತಿಳಿಯೂದಿಲ್ಲೇನ್ರಿ?"

"ಮತ್ತೆ ಹೇಳಲಿಲ್ಲ ಯಾಕೆ?"

ಅಜ್ಜ ನನ್ನನ್ನು ನೋಡಿದ ರೀತಿ, ಇಷ್ಟೂ ತಿಳಿಯದ ಮಿಸ್ತ್ರಿಯೇ ಎಂಬಂತಿತ್ತು. "ನಮ್ಮ ಡಿಪೋದಾಗ ಒಂದು ಬುಕ್ ಇರ್ತಿತ್ರಿ. ಗಾಡ್ಯಾಗ ಏನರ ಕೆಟ್ರ ಡ್ರೈವರ್ ಅದರಾಗ ಬರೀಬೇಕು. ಬರದ್ರ ಮಿಸ್ತ್ರಿಗೆ ಮೆಮೋ. ಕೆಟ್ಟ ಮಿಸ್ತ್ರಿ ಇದ್ರ ಬರೀತಿದ್ವಿ. ಛಲೋ ಮಿಸ್ತ್ರಿ ಒಂದ್ಸಲ ಮರತ್ರ ಯಾರ್ ಬರೀತಾರ್ರಿ? ನೀರಿನ ಡಬ್ಬಿ ಇಟ್ಕೊಂಡು ಓಡಸ್ತಿದ್ವಿ. ನಿಮಗ ಮೆಮೋ ಕೊಡಸೂದ್ ಬ್ಯಾಡ ಅಂತ ಸುಮ್ನಿದ್ದೆ. ಈ ದೇಶದಾಗ ನೀರು ಹಿಂಗ ಕಲ್ಲಾಗ್ತೈತಿ ಅಂತ ನನಗ ತಿಳೀಲಿಲ್ಲ, ಅಷ್ಟ."

ಮೈಸುಡುವ ಬೈಗುಳ ಬೈದಿದ್ದರೂ ನನಗೆ ಅಷ್ಟು ತಾಗುತ್ತಿರಲಿಲ್ಲ. ಇಲ್ಲಿ ನನಗೆ ಮೆಮೋ ಕೊಡುವ ಯಜಮಾನನೇ ಇರಲಿಲ್ಲ. ಆದರೂ ಈ ಮನುಷ್ಯ, ಅಷ್ಟು ದಿನ ಬೆಳಗಿನ ಚಳಿಯಲ್ಲಿ ತಂಬಿಗೆ ಹಿಡಿದು ಬಂದು, ಕೊನೆಗೆ ಮೊಮ್ಮಗಳ ಮುಂದೆ ತಪ್ಪಿತಸ್ಥನಾಗಿ ನಿಂತಾಗಲೂ ನನ್ನ ಹೆಸರು ಎತ್ತಿರಲಿಲ್ಲ.

ಅಷ್ಟರಲ್ಲಿ ನಂದಿನಿ ಗ್ಲವ್ಸ್ ಮಾಸ್ಕುಗಳ ದೊಡ್ಡ ರಟ್ಟಿನ ಡಬ್ಬವೊಂದನ್ನು ಹೊತ್ತು ಹೊರಗೆ ಬಂದಳು. ಅದನ್ನು ಮುಂದಿನ ಸೀಟಿನ ಮೇಲಿಟ್ಟಳು, ಅಜ್ಜನ ಸೀಟಿನ ಮೇಲೆ. ಗ್ಲವ್ ಬಾಕ್ಸಿನಿಂದ ಇಣುಕುತ್ತಿದ್ದ ನೋಟ್‌ಬುಕ್ ತೆಗೆದು ಕೊನೆಯ ಪುಟ ತಿರುವಿದಳು.

"ಹೊಸದಾಗಿ ಏನೋ ಬರ್ದಿದಾರೆ. ವಾಟ್ ಡಸ್ ಇಟ್ ಸೇ, ಅಜ್ಜ?"

ಅಜ್ಜ ಕನ್ನಡಕ ಏರಿಸಿಕೊಂಡರು. ನಾನು ಬರೆದ ಸಾಲುಗಳ ಕೆಳಗೆ ಬೆರಳು ಮೆಲ್ಲಗೆ ಸರಿಯಿತು, ನನ್ನ ಹೆಸರಿನ ಹತ್ತಿರ ಒಂದು ಕ್ಷಣ ನಿಂತಿತು. ಆಮೇಲೆ ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿದರು: "ಗಾಡಿ ಛಲೋ ಐತಿ. ಪೈಪು ಛಲೋ ಐತಿ. ನೀರು ಮಾತ್ರ ಯಾರೂ ಹಾಕಬ್ಯಾಡ್ರಿ, ಅಂತ ಬರದಾರ."

"ಓಕೆ," ಎಂದು ಅವಳು ಪುಸ್ತಕ ಮುಚ್ಚಿದಳು.

ಅವಳಿಗೆ ಓದಲು ಬಾರದ ಅಕ್ಷರದಲ್ಲಿ ತಪ್ಪೊಪ್ಪಿಕೊಂಡು ಹಗುರಾಗಿದ್ದೆನಲ್ಲ ನಾನು, ಅದು ಆಗ ನನಗೆ ಹೊಳೆಯಿತು. ಅಜ್ಜ ನನ್ನನ್ನು ನೋಡಲೇ ಇಲ್ಲ. ಅಂಚೆಪೆಟ್ಟಿಗೆಯ ಕಡೆ ಮುಖ ಮಾಡಿ ನಿಂತಿದ್ದರು.

"ನಂದಿನಿ," ಎಂದೆ. ಅವಳಿಗೆ ಎಳ್ಳಷ್ಟೂ ಸಂದೇಹ ಉಳಿಯದ ಹಾಗೆ ಅವಳ ಭಾಷೆಯಲ್ಲೇ ಹೇಳಿದೆ. "ಇಟ್ ವಾಸ್ ಮೈ ಕ್ಲ್ಯಾಂಪ್. ಐ ಲೆಫ್ಟ್ ಇಟ್ ಲೂಸ್. ಟ್ರಕ್ ಸೋರ್ತಿತ್ತು, ಅದಕ್ಕೇ ಅವರು ನೀರು ಹಾಕಿದ್ದು. ಬುಕ್ಕಲ್ಲಿ ಇರೋದೂ ಅದೇ. ಅಜ್ಜ ಸುಳ್ಳು ಓದಿದರು. ನನ್ನ ಮಾನ ಉಳಿಸೋಕೆ. ಮತ್ತೆ ಅವತ್ತು ಆ ಎಂಜಿನ್ ಉಳಿಸಿದ್ದು ನನ್ನ ರೇಡಿಯೇಟರ್ ಅಲ್ಲ. ಅವರ ಮೂಗು."

ಅವಳು ಪುಸ್ತಕ ಹಿಡಿದುಕೊಂಡೇ ನಿಂತಳು. ಒಮ್ಮೆ ನನ್ನನ್ನು, ಒಮ್ಮೆ ಅಜ್ಜನ ಬೆನ್ನನ್ನು ನೋಡಿದಳು.

"ನಿಮಗೆ ಗೊತ್ತಿತ್ತಾ, ಅಜ್ಜ?"

"ಹೋಗ್ಲಿ ಬಿಡವ್ವಾ. ಮಿಸ್ತ್ರಿ ಛಲೋ ಮನಷ್ಯಾ," ಎಂದರು ಅಜ್ಜ, ಅಂಚೆಪೆಟ್ಟಿಗೆಯನ್ನೇ ನೋಡುತ್ತ.

ನಂದಿನಿ ಟ್ರಕ್ಕಿನ ಬಾಗಿಲು ತೆಗೆದಳು. ಮುಂದಿನ ಸೀಟಿನ ಮೇಲಿದ್ದ ಡಬ್ಬವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. "ಅಂಕಲ್, ನೀವು ಹಿಂದೆ ಕೂತ್ಕೊಳಿ," ಎಂದಳು. ನಾನು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಅವಳು ಅಜ್ಜನ ತೋಳು ಹಿಡಿದು ಹತ್ತಿಸಿದಳು, ಬೆಲ್ಟನ್ನು ತಾನೇ ಹಾಕಿದಳು, ಮಂಕಿ ಟೋಪಿಯ ಮೇಲೆ ಒಂದು ಮುತ್ತು ಕೊಟ್ಟಳು.

ಅಜ್ಜ ಆ ಚಳಿಯಲ್ಲೂ ಕಿಟಕಿಯ ಗಾಜು ಇಳಿಸಿದರು. ತಲೆ ಹೊರಗೆ ಹಾಕಿ ಹಿಂದೆ ಟ್ರೇಲರಿನ ಗಾಲಿ ನೋಡಿದರು, ರಸ್ತೆ ನೋಡಿದರು. ಮೂವತ್ತೊಂದು ವರ್ಷ ಕಂಡಕ್ಟರ್ ಹೇಳಿದ್ದನ್ನು ಕೇಳಿ ಗಾಡಿ ಬಿಟ್ಟವರು ಅವರು. ಬಾಗಿಲ ಹೊರಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ, ಆ ಬೀದಿಯ ಅಷ್ಟೂ ಮನೆಗಳಿಗೆ ಕೇಳುವ ಹಾಗೆ ಕೂಗಿದರು:

"ರೈಟ್... ರೈಟ್!"